ಮನೆಗಾಡಿಯ ಬಿ ರಿಪೋರ್ಟು

1957ನೇ ಇಸವಿ ಏಪ್ರಿಲ್ 22, ಸೋಮವಾರ, ಬೆಳಿಗ್ಗೆ ಹತ್ತೂಕಾಲಿಗೆ ನಾಟಕ ಕಂಪನಿಯ ಮಾಲೀಕ ಜಂಬಣ್ಣ ಮಾಗಡಿ ರಸ್ತೆ ಬದಿಯ ಠಾಣೆಗೆ ಬಂದು, ಇನ್‌ಸ್ಪೆಕ್ಟರ್ ವೆಂಕಟಗಿರಿಯ ಮೇಜಿನ ಮೇಲೆ ಒಂದು ಕಾಗದ ಹರವಿ, ಕೂತ್ಕೊಳ್ಳಿ ಎಂದರೂ ಕೂರದೆ ನಿಂತ. ಐವತ್ತು ದಾಟಿದ ಆಳು. ಮೂವತ್ತು ವರ್ಷ ರಾಜನ ಪಾತ್ರ ಮಾಡಿ ಮಾಡಿ ಸುಮ್ಮನೆ ನಿಲ್ಲುವುದರಲ್ಲೂ ಒಂದು ಗತ್ತು ಬಂದಿತ್ತು. ಆವತ್ತು ಗತ್ತು ಇತ್ತು, ಮುಖದಲ್ಲಿ ಮಾತ್ರ ರಕ್ತವಿರಲಿಲ್ಲ.

ಕಾಗದ ವಿಮಾ ಕಂಪನಿಯದು. ಜನವರಿಯಲ್ಲಿ ಕಳುವಾದ ಮನೆಗಾಡಿಗೆ ಪರಿಹಾರ ಕೊಡಲಾಗುವುದಿಲ್ಲ, ಯಾಕೆಂದರೆ ಕಳುವೇ ನಡೆದಿಲ್ಲವೆಂದು ಪೊಲೀಸರು ಬಿ ರಿಪೋರ್ಟು ಸಲ್ಲಿಸಿರುತ್ತಾರೆ ಎಂದು ಟೈಪು ಹೊಡೆದಿತ್ತು. ಬಿ ರಿಪೋರ್ಟು ಎಂದರೆ ದೂರೇ ಸುಳ್ಳು ಎಂದು ಬರೆದು ಪೊಲೀಸರು ಕೈತೊಳೆದುಕೊಳ್ಳುವ ಕಾಗದ. ಈ ರಿಪೋರ್ಟಿನ ಅಡಿಯಲ್ಲಿದ್ದ ರುಜು ಬೇರೆ ಯಾರದ್ದೂ ಅಲ್ಲ, ವೆಂಕಟಗಿರಿಯದೇ.

"ಓದಿದ್ರಾ ಸ್ವಾಮಿ?"

"ಓದಿದೆ."

"ದುಡ್ಡಿನ ಮಾತು ಹಾಳಾಗ್ಲಿ. ಸುಳ್ಳು ದೂರು ಕೊಟ್ಟೆ ಅಂತ ನನ್ನ ಮೇಲೇ ಕೇಸು ಹಾಕಿಸ್ತಾರಂತೆ. ಹದಿನೆಂಟು ಜನ ನನ್ನ ನಂಬ್ಕೊಂಡವ್ರೆ. ಸ್ವಂತ ಗಾಡಿ ಬಚ್ಚಿಟ್ಟ ಕಳ್ಳ ಅಂತ ಊರೂರಲ್ಲಿ ಹೆಸರು ಬಿದ್ರೆ ಟೆಂಟು ಹೊಡೆಯೋಕೆ ಯಾರು ಸ್ವಾಮಿ ಜಾಗ ಕೊಡ್ತಾರೆ? ಯಾವ ಧೈರ್ಯದ ಮೇಲೆ ಬರೆದ್ರಿ ಇದನ್ನ?"

"ಏನ್ರೀ, ಠಾಣೆ ಇದು, ನಿಮ್ಮ ಸ್ಟೇಜಲ್ಲ," ಎಂದು ದಫೇದಾರ ಅಂಜಿನಯ್ಯ ಮುಂದೆ ಬಂದ. ವೆಂಕಟಗಿರಿ ಕೈಯೆತ್ತಿ ಅವನನ್ನು ತಡೆದು, ಜನವರಿಯ ಕಡತ ತರಲು ಹೇಳಿದ.

ಕಡತ ತೆಳ್ಳಗಿತ್ತು. ಅಷ್ಟು ತೆಳ್ಳಗಿದ್ದದ್ದಕ್ಕೇ ಅವನಿಗೆ ಮೊದಲು ನಾಚಿಕೆಯಾಯಿತು. ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಮಿಲಿಟರಿ ಲಾರಿಯೊಂದನ್ನು ಕೊಂಡು, ಮೇಲೆ ಹಲಗೆಯ ಮನೆ ಕಟ್ಟಿಸಿ, ಎರಡು ಮಂಚ, ಕಿಟಕಿ, ಅಡುಗೆಗೊಂದು ಮೂಲೆ ಮಾಡಿಸಿಕೊಂಡಿದ್ದ ಜಂಬಣ್ಣ. ಊರಿಂದೂರಿಗೆ ಅದರಲ್ಲೇ ವಾಸ. ಜನವರಿ 17ರ ಗುರುವಾರ ರಾತ್ರಿ, ರಾಜಾಜಿನಗರದ ಹೊಸ ಬಡಾವಣೆಯ ಬಯಲಿನಲ್ಲಿ ನಾಟಕ ಮುಗಿಸಿ ಎಲ್ಲರೂ ಟೆಂಟಿನಲ್ಲಿ ಮಲಗಿದ್ದಾಗ ಗಾಡಿ ಮಾಯವಾಗಿತ್ತು. ಬಯಲು ಇಳಿಜಾರು; ಬ್ರೇಕು ಬಿಟ್ಟರೆ ಸದ್ದಿಲ್ಲದೆ ರಸ್ತೆಗೆ ಉರುಳುತ್ತಿತ್ತು. ಬೆಳಿಗ್ಗೆ ಆರೂವರೆಗೆ ನೋಡಿದರೆ ಗಾಡಿಯಿದ್ದ ಜಾಗದಲ್ಲಿ ಕಂಪನಿಯ ದೇವರ ಪೆಟ್ಟಿಗೆ ಮಾತ್ರ ಇತ್ತು. ಹಿತ್ತಾಳೆಯ ಗಣಪತಿ, ಹಳೆಯ ಗೆಜ್ಜೆಗಳಿದ್ದ ಆ ಪೆಟ್ಟಿಗೆಯನ್ನು ಯಾರೋ ತೊಳೆದ ಕಲ್ಲಿನ ಮೇಲೆ ಪೂರ್ವಕ್ಕೆ ಮುಖ ಮಾಡಿ ಇಟ್ಟು, ಕುಂಕುಮ ಹೂವು ಏರಿಸಿ ದೀಪವನ್ನೂ ಹಚ್ಚಿಟ್ಟಿದ್ದರು.

ವೆಂಕಟಗಿರಿಯ ತಲೆ ಓಡಿದ್ದು ಅಲ್ಲಿಂದಲೇ. ದೇವರನ್ನು ಕೆಳಗಿಳಿಸಿ ಪೂಜೆ ಮಾಡಿ ಹೋಗುವ ಕಳ್ಳ ಎಲ್ಲಿದ್ದಾನೆ? ಅದು ಹೊರಗಿನವನ ಕೆಲಸವಲ್ಲ, ಸ್ವಂತ ಗಾಡಿಯನ್ನು ಬಚ್ಚಿಟ್ಟು ವಿಮೆ ಬಾಚಲು ಹೊರಟವನ ಕೆಲಸ. ಜೊತೆಗೆ ತಾನೇ ಬರೆದ ಒಂದು ವಾಕ್ಯ: 'ಪಿರ್ಯಾದಿಯು ಕ್ಷೌರವಿಲ್ಲದ ಮುಖದಲ್ಲಿ ಗಾಬರಿಯಿಂದಿದ್ದು, ರಾತ್ರಿ ಗಾಡಿಯಲ್ಲಿ ಏಕೆ ಮಲಗಲಿಲ್ಲವೆಂಬುದಕ್ಕೆ ಸಮಂಜಸ ಉತ್ತರ ಕೊಡಲಿಲ್ಲ.' ಮೂರೇ ದಿನದಲ್ಲಿ ಕೇಸು ಮುಗಿಸಿ ಮೇಲಿನವರಿಂದ ಭೇಷ್ ಎನಿಸಿಕೊಂಡಿದ್ದ ಮಹಾಶಯ.

"ಈಗ ಕೇಳ್ತೀನಿ, ನೇರ ಹೇಳಿ. ಆವತ್ತು ಗಾಡೀಲಿ ಯಾಕೆ ಮಲಗಲಿಲ್ಲ?"

ಜಂಬಣ್ಣ ತಲೆ ತಗ್ಗಿಸಿದ. "ಸೂತಕ ಇತ್ತು ಸ್ವಾಮಿ. ಶಿರಾದಲ್ಲಿ ನಮ್ಮ ದೊಡ್ಡಪ್ಪ ಹೋಗ್ಬಿಟ್ರು. ಹದಿನಾಲ್ಕನೇ ತಾರೀಕು ಟೆಲಿಗ್ರಾಂ ಬಂತು."

"ಆವತ್ತೇ ಯಾಕೆ ಹೇಳಲಿಲ್ಲ?"

"ಹೆಂಗೆ ಹೇಳ್ಲಿ? ಹನ್ನೊಂದು ದಿನ ಮೂಲೇಲಿ ಕೂರಬೇಕಾದವನು ಬಣ್ಣ ಹಚ್ಚಿ ರಾಜ ಆಗಿ ಕುಣೀತಿದ್ದೆ. ಆಟ ನಿಂತ್ರೆ ಒಲೆ ನಿಲ್ಲುತ್ತೆ ಅಂತ ಸುದ್ದಿ ಮುಚ್ಚಿಟ್ಟಿದ್ದೆ. ಆದ್ರೆ ದೇವರ ಪೆಟ್ಟಿಗೆ ಹತ್ರ ಸುಳೀಲಿಲ್ಲ. ಅದು ಗಾಡೀಲಿತ್ತು, ಅದಕ್ಕೇ ನಾನು ಟೆಂಟಲ್ಲಿ ಮಲಗಿದ್ದು. ಸೂತಕದ ಕೈಲಿ ದೇವರನ್ನ ಮುಟ್ಟಿ ದೀಪ ಹಚ್ಚೋಕಾಗುತ್ತಾ? ನೀವೇ ಹೇಳಿ."

ವೆಂಕಟಗಿರಿಗೆ ಕಪಾಳಕ್ಕೆ ಹೊಡೆದಂತಾಯಿತು. ಕ್ಷೌರವಿಲ್ಲದ ಮುಖ ನೋಡಿ ಮನೆಯಲ್ಲಿ ಸಾವೇನಾದರೂ ಆಗಿದೆಯೇ ಎಂದು ಕೇಳುವುದು ಹಳ್ಳಿಯ ಎಳೆ ಮಗುವಿಗೂ ಗೊತ್ತು. ಅವನು ಮಾತ್ರ ಅದನ್ನು ಕಳ್ಳನ ಗುರುತು ಎಂದು ಬರೆದಿದ್ದ.

ಮಧ್ಯಾಹ್ನದೊಳಗೆ ಎರಡು ಕೆಲಸವಾದವು. ಜಂಬಣ್ಣ ತಂದುಕೊಟ್ಟ ಟೆಲಿಗ್ರಾಂ ಮೇಲಿನ ಮುದ್ರೆಯನ್ನು ಅಂಜಿನಯ್ಯ ಅಂಚೆ ಕಚೇರಿಯಲ್ಲಿ ತಾಳೆ ನೋಡಿಸಿ ಬಂದ, ತಾರೀಕು ಸರಿಯಿತ್ತು. ಕಂಪನಿಯ ಹೊಸ ನಟಿ ಜಯದೇವಿಯ ಹೇಳಿಕೆಯನ್ನೂ ಪಡೆದರು.

"ಆ ನಾಕು ದಿನ ದೀಪ ಹಚ್ತಿದ್ದಿದ್ದು ನಾನೇ, ಸಾರ್. ಯಜಮಾನರು ಹತ್ತಿರಕ್ಕೇ ಬರ್ತಿರಲಿಲ್ಲ."

"ಪೆಟ್ಟಿಗೆ ಕೆಳಗಿಳಿಸಿದ್ದು ನೀವಾ?"

"ಅಯ್ಯೋ, ಅದನ್ನ ನನ್ನ ಕೈಲಿ ಎತ್ತೋಕಾಗುತ್ತಾ? ಕ್ಯಾಂಪಿಗೆ ಹೋದ ತಕ್ಷಣ ಮೊದಲು ದೇವರು ಇಳೀಬೇಕು, ಆಮೇಲೆ ಸಾಮಾನು. ಕಲ್ಲು ತೊಳೆದು, ಪೂರ್ವಕ್ಕೆ ಮುಖ ಮಾಡಿ ಇಡೋದು ಡ್ರೈವರ್ ಕೆಂಚಪ್ಪನ ಕೆಲಸ. ಬೇರೆಯವರು ಇಳಿಸೋ ಹಂಗಿಲ್ಲ. ಕೆಂಚಪ್ಪನ ಮಂಚ ಖಾಲಿ ಆಗಿತ್ತು ಅಂತ ಯಜಮಾನರು ಅದಕ್ಕೆ ಹೊಸ ಬಣ್ಣ ಹೊಡೆಸಿ ನಂಗೆ ಕೊಟ್ಟಿದ್ರು. ಶುಕ್ರವಾರದಿಂದ ನಾನು ಅಲ್ಲಿ ಮಲಗಬೇಕಿತ್ತು. ಅಷ್ಟರಲ್ಲಿ ಗಾಡೀನೇ ಹೋಯ್ತು."

ಕೆಂಚಪ್ಪನ ಹೆಸರು ಹಳೆಯ ಕಡತದಲ್ಲಿ ಒಂದೇ ಸಾಲಿನಲ್ಲಿತ್ತು: 'ಸದರಿ ದಿನ ಕೆಂಗೇರಿಯ ಅತ್ತೆ ಮನೆಗೆ ಹೋಗಿದ್ದಾಗಿ ತಿಳಿಸಿರುತ್ತಾನೆ.' ಹೋಗಿದ್ದನೋ ಇಲ್ಲವೋ ಎಂದು ಕೆಂಗೇರಿಗೆ ಹೋಗಿ ಕೇಳಿದವರಿಲ್ಲ.

23ರಂದು ವೆಂಕಟಗಿರಿ ಮ್ಯಾಜಿಸ್ಟ್ರೇಟರ ಮುಂದೆ ನಿಂತು, ತನ್ನ ವರದಿಯಲ್ಲಿ ತಪ್ಪಾಗಿದೆ, ಮರುತನಿಖೆಗೆ ಅಪ್ಪಣೆ ಬೇಕು ಎಂದು ಕೇಳಿಕೊಂಡ. ಹನ್ನೊಂದು ವರ್ಷದ ನೌಕರಿಯಲ್ಲಿ ಆ ಮಾತು ಆಡಿದ್ದು ಅದೇ ಮೊದಲು. ಅಪ್ಪಣೆ ಸಿಕ್ಕಿತು, ಜೊತೆಗೆ ನಾಲ್ಕು ಬಿರುಸು ಮಾತೂ ಸಿಕ್ಕಿದವು.

24ರ ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ವೆಂಕಟಗಿರಿ, ಅಂಜಿನಯ್ಯ ಇಬ್ಬರೂ ಕೆಂಗೇರಿಯಲ್ಲಿದ್ದರು. ಕೆಂಚಪ್ಪನ ಅತ್ತೆ ಯಶೋದಮ್ಮ ಜಗಲಿಯ ಮೇಲೆ ರಾಗಿ ಕೇರುತ್ತಿದ್ದಳು. ಖಾಕಿ ಕಂಡರೂ ಮೊರ ಕೆಳಗಿಡಲಿಲ್ಲ.

"ಸಂಕ್ರಾಂತಿ ಆದ ಗುರುವಾರ ನಿಮ್ಮಳಿಯ ಇಲ್ಲಿದ್ನಾ?"

"ಇಲ್ಲ. ಮಗಳು ಹೋದ್ಮೇಲೆ ಅವನು ಈ ಹೊಸ್ತಿಲು ತುಳಿದಿಲ್ಲ."

"ಮಗಳಿಗೆ ಏನಾಯ್ತು?"

"ಅದನ್ನ ಕೇಳೋಕೆ ಈಗ ಬಂದ್ರಾ?" ಮೊರ ನಿಂತಿತು. "ಕಾರ್ತೀಕದಲ್ಲಿ ಶುಕ್ರವಾರ ಸಂಜೆ, ಅವರ ಗಾಡಿ ಇದೇ ರಸ್ತೇಲಿ ಮಾಗಡಿಗೆ ಹೋಯ್ತು. ನನ್ನ ಪಟಾಲಮ್ಮ ಅದರೊಳಗೆ ಹೆರಿಗೆ ನೋವು ತಿಂತಾ ಮಲಗಿದ್ಲು. ಇಲ್ಲಿ ಸೂಲಗಿತ್ತಿ ಇದ್ಲು, ನಾನಿದ್ದೆ, ಬಿಸಿನೀರಿತ್ತು. ಗಾಡಿ ನಿಲ್ಲಲಿಲ್ಲ. ಸೂಲಿಕೆರೆ ದಾಟೋದ್ರೊಳಗೆ ತಾಯಿ ಮಗು ಎರಡೂ ಹೋದ್ವು. ಒಂಬತ್ತೂವರೆಗೆ ನಾಟಕ ಇತ್ತಂತೆ ಅವರಿಗೆ."

ಅಂಜಿನಯ್ಯ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. ಮುಂದಿನ ಪ್ರಶ್ನೆಯನ್ನು ವೆಂಕಟಗಿರಿ ಕೇಳಲೇಬೇಕಿತ್ತು.

"ಈಗ ಎಲ್ಲಿದಾನೆ?"

"ಕಾಮಾಕ್ಷಿಪಾಳ್ಯದಲ್ಲಿ ಕಲ್ಲು ಒಡೀತಾನಂತೆ. ಶುಕ್ರವಾರ ಕೆಲಸಕ್ಕೆ ಹೋಗಲ್ವಂತೆ. ಪಾಳು ಬಿದ್ದ ಕಲ್ಲುಗುಂಡಿ ಪಕ್ಕ ದಿನವೆಲ್ಲಾ ಕೂತಿರ್ತಾನೆ ಅಂತ ಕಂಡವರು ಹೇಳ್ತಾರೆ. ಹುಚ್ಚು ಹಿಡಿದಿದೆ ಅಂತಾರೆ."

ಏಪ್ರಿಲ್ 26, ಶುಕ್ರವಾರ, ಬೆಳಿಗ್ಗೆ 10.50. ಕಾಮಾಕ್ಷಿಪಾಳ್ಯದ ಹಿಂದಿನ ಕಲ್ಲುಗುಂಡಿಯ ಅಂಚಿನಲ್ಲಿ ಕೆಂಚಪ್ಪ ಮೊಣಕಾಲು ಕಟ್ಟಿಕೊಂಡು ಕೂತಿದ್ದ. ಮೂವತ್ತು ವಯಸ್ಸಿರಬೇಕು, ನೋಡಿದರೆ ಐವತ್ತು ಎನ್ನಬಹುದಿತ್ತು. ಪೊಲೀಸರು ಬರುವುದನ್ನು ದೂರದಿಂದಲೇ ಕಂಡ, ಏಳಲೂ ಇಲ್ಲ, ಓಡಲೂ ಇಲ್ಲ.

"ಕೆಂಚಪ್ಪ, ಗಾಡಿ ಎಲ್ಲಿ?"

ಅವನು ಗುಂಡಿಯ ಹಸಿರು ನೀರನ್ನು ತೋರಿಸಿದ. "ಇಲ್ಲೇ ಅದೆ. ಮೂರು ತಿಂಗಳಾಯ್ತು. ಬೇಗ ಬರ್ತೀರ ಅಂದ್ಕೊಂಡಿದ್ದೆ ಸ್ವಾಮಿ."

ವೆಂಕಟಗಿರಿ ಇಬ್ಬರು ಪಂಚರನ್ನು ಕರೆಸಿ, ಅವರ ಎದುರಿಗೆ ಅವನು ತೋರಿಸಿದ ಜಾಗವನ್ನು ಬರೆಸಿದ. ಬಾವಿ ಹೂಳೆತ್ತುವ ಇಬ್ಬರು ಮುಳುಗಿ ಸರಪಳಿ ಕಟ್ಟಿದರು. ಕಲ್ಲು ಸಾಗಿಸುವ ಎರಡು ಲಾರಿಗಳು ಎಳೆದವು. ಸರಪಳಿ ಎರಡು ಸಲ ತುಂಡಾಯಿತು. ಮೂರೂ ಇಪ್ಪತ್ತಕ್ಕೆ ಗಾಡಿಯ ಮೂತಿ ಮೇಲೆ ಬಂತು. ಕಿಟಕಿಗಳಿಂದ ನೀರು ಸುರಿಯುತ್ತಿತ್ತು. ನಂಬರ್ ಹಲಗೆ ಒರೆಸಿ ಓದಿ ಪಂಚನಾಮೆಗೆ ಸೇರಿಸಿದರು. ಒಳಗೆ ಜಯದೇವಿಗೆಂದು ನೀಲಿ ಬಣ್ಣ ಹೊಡೆಸಿದ್ದ ಮಂಚ ಹಾಗೇ ಇತ್ತು. ಗುರುತಿಸಲು ಕರೆಸಿದ್ದ ಜಂಬಣ್ಣ ಅದನ್ನು ನೋಡಿ, ಇದು ನನ್ನ ಗಾಡಿ ಎಂದು ಎರಡು ಸಲ ಹೇಳಿ ಆಚೆ ಹೋಗಿ ಕೂತ. 3.45ಕ್ಕೆ ಕೆಂಚಪ್ಪನನ್ನು ದಸ್ತಗಿರಿ ಮಾಡಲಾಯಿತು. ಮಾಲೀಕನ ಸ್ವತ್ತನ್ನು ನೌಕರ ಕದ್ದ ಅಪರಾಧ, 381ನೇ ಕಲಮು.

ಠಾಣೆಯಲ್ಲಿ ವಿಚಾರಣೆ ಅರ್ಧ ಗಂಟೆಯೂ ಹಿಡಿಯಲಿಲ್ಲ.

"ದೇವರನ್ನ ಯಾಕೆ ಇಳಿಸ್ದೆ?"

"ದೇವರನ್ನ ಹೆಂಗೆ ಮುಳುಗಿಸ್ಲಿ ಸ್ವಾಮಿ? ಅದೇನು ಮಾಡಿತ್ತು ಪಾಪ."

"ಗಾಡಿ ಮಾರಿದ್ರೆ ದುಡ್ಡಾದ್ರೂ ಸಿಕ್ತಿತ್ತಲ್ಲ."

"ದುಡ್ಡು ತಗೊಂಡು ಏನ್ ಮಾಡ್ಲಿ? ಅವಳು ಸತ್ತಿದ್ದು ಆ ಮಂಚದ ಮೇಲೆ. ಕೆರೆದು ತೊಳೆದು ಬಣ್ಣ ಹೊಡೆಸಿದ್ರು. ನಾಳೆಯಿಂದ ಇನ್ನೊಬ್ಳು ಮಲಗ್ತಾಳೆ ಅಂದ್ರು. ಅದೊಂದು ನಡೀಬಾರದು ಅಂತ ಅನ್ನಿಸ್ತು. ಅಷ್ಟೇ."

"ನಿನ್ನಿಂದ ಜಂಬಣ್ಣ ಜೈಲಿಗೆ ಹೋಗೋ ಹಂಗಾಗಿತ್ತು. ಗೊತ್ತಾ?"

ಕೆಂಚಪ್ಪ ಬೆಚ್ಚಿ ತಲೆಯೆತ್ತಿದ. ಗೊತ್ತಿರಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು. ಹಿಂದೊಮ್ಮೆ ಮುಖ ಓದಿ ಮೋಸ ಹೋದ ವೆಂಕಟಗಿರಿ ಈ ಸಲ ಅದನ್ನು ಬರೆದುಕೊಳ್ಳಲಿಲ್ಲ.

ಮರುದಿನ, ಶನಿವಾರ ಬೆಳಿಗ್ಗೆ ಹತ್ತಕ್ಕೆ ಜಂಬಣ್ಣನ ಸಾಕ್ಷಿ ಹೇಳಿಕೆ. ಅವನು ಗೆದ್ದಿದ್ದ, ಇನ್ನು ಯಾರೂ ಅವನನ್ನು ಕಳ್ಳನೆನ್ನುವಂತಿರಲಿಲ್ಲ. ಆದರೆ ಗೆದ್ದವನ ಗತ್ತು ಎಲ್ಲೂ ಇರಲಿಲ್ಲ. ಈ ಸಲ ಕೂತ್ಕೊಳ್ಳಿ ಎನ್ನುವ ಮೊದಲೇ ಕೂತ.

"ಆವತ್ತು ಕೆಂಗೇರಿಲಿ ಗಾಡಿ ನಿಲ್ಲಿಸ್ಲಾ ಅಂತ ಕೆಂಚಪ್ಪ ನಿಮ್ಮನ್ನ ಕೇಳಿದ್ನಾ?"

ಸುಳ್ಳು ಹೇಳಿದ್ದರೆ ಹಿಡಿಯುವವರು ಯಾರೂ ಇರಲಿಲ್ಲ. ಗಾಡಿಯ ಮುಂದಿನ ಸೀಟಿನಲ್ಲಿ ಆವತ್ತು ಇದ್ದವರು ಇಬ್ಬರೇ.

"ಬಾಯಿಬಿಟ್ಟು ಕೇಳ್ಲಿಲ್ಲ ಸ್ವಾಮಿ. ಹಿಂದಿನಿಂದ ಅವಳು ಕೂಗಿದ್ಲು. ಅವನು ತಿರುಗಿ ನನ್ನ ಮುಖ ನೋಡ್ದ. ನಾನು ಗಡಿಯಾರ ನೋಡ್ದೆ."

"ಬರ್ಕೊಳ್ಳಲಾ?"

"ಬರ್ಕೊಳ್ಳಿ. ಹಂಗೇ ಬರ್ಕೊಳ್ಳಿ."

ರುಜು ಹಾಕಿದ ಮೇಲೆ ವೆಂಕಟಗಿರಿ ವಿಮಾ ಕಂಪನಿಗೆ ಬರೆದ ಕಾಗದವನ್ನು ಅವನ ಕೈಗಿತ್ತ. ಕಳುವು ನಿಜ, ಪಿರ್ಯಾದಿ ನಿರ್ದೋಷಿ, ಹಿಂದಿನ ವರದಿ ತನಿಖಾಧಿಕಾರಿಯ ತಪ್ಪು ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಮೂರು ತಿಂಗಳಿಂದ ಕಾಯುತ್ತಿದ್ದ ಆ ಕಾಗದವನ್ನು ಜಂಬಣ್ಣ ಓದದೆ ಮಡಿಸಿ ಜೇಬಿಗಿಟ್ಟುಕೊಂಡ.

"ಅವನಿಗೆ ವಕೀಲರನ್ನ ನಾನೇ ಇಡಬಹುದಾ ಸ್ವಾಮಿ?"

"ಇಡಬಹುದು. ಅವನು ಒಪ್ಪಬೇಕು."

ಕೆಂಚಪ್ಪ ಒಪ್ಪಲಿಲ್ಲ. ಹನ್ನೊಂದೂವರೆಗೆ ಅವನನ್ನು ಕೋರ್ಟಿಗೆ ಕರೆದೊಯ್ಯಲು ವ್ಯಾನು ಬಂತು. ಮ್ಯಾಜಿಸ್ಟ್ರೇಟರ ಮುಂದೆ ಎಲ್ಲ ಹೇಳುತ್ತೇನೆ ಎಂದು ಅವನೇ ಹೇಳಿದ್ದ. ಅವನು ಹತ್ತುವ ಮೊದಲು ವೆಂಕಟಗಿರಿ, ಕಡತಕ್ಕಲ್ಲ, ತನಗೆ ತಿಳಿಯಬೇಕೆಂದು ಕೇಳಿದ.

"ಜಂಬಣ್ಣನ ಮೇಲೆ ಸೇಡು ತಾನೇ ಇದು? ವಕೀಲ ಬೇಡ ಅಂದಿದ್ದೂ ಅದಕ್ಕೇನಾ?"

"ಅವರ ಮೇಲೇನು ಸ್ವಾಮಿ. ಅವರು ನಿಲ್ಲಿಸಬೇಡ ಅಂತ ಬಾಯಲ್ಲಿ ಒಂದು ಮಾತೂ ಅನ್ನಲಿಲ್ಲ." ಕೆಂಚಪ್ಪ ಬೇಡಿ ಹಾಕಿದ ಕೈಗಳನ್ನು ನೋಡಿಕೊಂಡ. "ಸ್ಟೇರಿಂಗು ನನ್ನ ಕೈಲಿತ್ತು. ಎಡಕ್ಕೆ ಒಂದು ಸಲ ತಿರುಗಿಸಿದ್ರೆ ಅತ್ತೆ ಮನೆ. ಅವಳು ಕೂಗ್ತಾನೇ ಇದ್ಲು. ನಾನು ತಿರುಗಿಸ್ಲಿಲ್ಲ."

ಮಧ್ಯಾಹ್ನ ಅಂಜಿನಯ್ಯ ಬರೆದಿಟ್ಟ ವರದಿಯಲ್ಲಿ ಅಪರಾಧದ ಉದ್ದೇಶ 'ಮಾಲೀಕನ ಮೇಲಿನ ದ್ವೇಷ' ಎಂದಿತ್ತು. ವೆಂಕಟಗಿರಿ ಅದನ್ನು ಹೊಡೆದುಹಾಕಿದ. ಏನು ಬರೆಯಬೇಕೆಂದು ಬಹಳ ಹೊತ್ತು ಯೋಚಿಸಿ, ಕೊನೆಗೆ 'ಹೆಂಡತಿ ಮತ್ತು ಮಗುವಿನ ಸಾವು' ಎಂದಷ್ಟೇ ಬರೆದು ಕಡತ ಮುಚ್ಚಿದ.