ಕಳುವಾದ ಕಂಠ

ಕಿಟಕಿಯ ಗಾಜು ಒಡೆದಿತ್ತು. ಪರದೆ ಕಿತ್ತುಬಂದು ಮೇಜಿನ ಮೇಲೆ ಬಿದ್ದಿತ್ತು. ಅದರ ಪಕ್ಕದ ಮರದ ಸ್ಟ್ಯಾಂಡಿನಲ್ಲಿ ಒಬ್ಬ ಮನುಷ್ಯನ ಧ್ವನಿ ಇರಬೇಕಾಗಿತ್ತು. ಇರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಅನೌನ್ಸರ್ ಬಾಯಿ ತೆರೆದರು. ಗಾಳಿಯಷ್ಟೇ ಬಂತು. ಅವರ ಭುಜ ಹಿಡಿದು ಹಿಂದೆಯೇ ಬಂದಿದ್ದ ಹೆಂಡತಿ ತಡವರಿಸಿ ನಿಂತರು. ಇಬ್ಬರೂ ಕಣ್ಣಾಸ್ಪತ್ರೆಯಿಂದ ಆಗಷ್ಟೇ ಮನೆಗೆ ಬಂದಿದ್ದರು.

“ಏನ್ರೀ? ಯಾಕ್ರೀ ನಿಂತ್ಬಿಟ್ರಿ?”

ಅನೌನ್ಸರ್ ಹೇಗೆ ಹೇಳಿಯಾರು? ಹೆಂಡತಿಯ ಕೈ ಹಿಡಿದು ನಡೆಸಿಕೊಂಡು ಹೋಗಿ, ಆ ಕೈಯನ್ನು ಖಾಲಿ ಸ್ಟ್ಯಾಂಡಿನ ಮೇಲೆ ಇಟ್ಟರು. ಆಕೆ ಒಮ್ಮೆ ತಡವಿದರು. ಇನ್ನೊಮ್ಮೆ ತಡವಿದರು. ಆಮೇಲೆ ನೆಲದ ಮೇಲೆ ಕುಸಿದು ಕುಳಿತರು.

ಈ ಅನೌನ್ಸರ್ ಸಾಮಾನ್ಯರಲ್ಲ. ರೈಲು ನಿಲ್ದಾಣದ ಧ್ವನಿವರ್ಧಕದಲ್ಲಿ ಅವರು ಬಾಯಿ ಬಿಟ್ಟರೆ ತಡವಾಗಿದ್ದ ರೈಲುಗಳೇ ನಾಚಿ ಓಡಿ ಬರುತ್ತಿದ್ದವು. ಅತ್ತ ಹೋಗಬೇಕಾದ ಪ್ರಯಾಣಿಕರು ಆ ಧ್ವನಿ ಕೇಳಿ ಮನಸ್ಸು ಬದಲಾಯಿಸಿ ಇತ್ತಲಿನ ರೈಲು ಹತ್ತಿದ್ದುಂಟು. ಅಂಥ ಗಂಟಲಿಗೇ ಹುಣ್ಣಾಯಿತು. ವೈದ್ಯರು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಅಷ್ಟರಲ್ಲಿ ಹೆಂಡತಿಯ ಕಣ್ಣು ಪೂರ್ತಿ ಹೋಗಿತ್ತು. ಇವರು ಬರೆದದ್ದು ಆಕೆಗೆ ಕಾಣದು. ಆಕೆ ಕೇಳಬೇಕೆಂದದ್ದು ಇವರಿಂದ ಬಾರದು.

ನಡುವೆ ಉಳಿದದ್ದು ಸ್ಟ್ಯಾಂಡಿನ ಮೇಲಿದ್ದ ಆ ಟ್ಯಾಬ್ ಒಂದೇ. ಹೆಂಡತಿಯ ತಮ್ಮ ಅದನ್ನು ಕೈಯಾರೆ ಕಟ್ಟಿದ್ದ. ಶಸ್ತ್ರಚಿಕಿತ್ಸೆಗೆ ಮೊದಲು ಭಾವನನ್ನು ಕೂರಿಸಿಕೊಂಡು, ಇದ್ದಬದ್ದ ಮಾತನ್ನೆಲ್ಲ ಆಡಿಸಿ ಧ್ವನಿಮುದ್ರಣ ಮಾಡಿಕೊಂಡಿದ್ದ. ಅನೌನ್ಸರ್ ಬೆರಳಿನಿಂದ ಟೈಪು ಮಾಡಿದರೆ ಅದು ಅವರದೇ ಧ್ವನಿಯಲ್ಲಿ ನುಡಿಯುತ್ತಿತ್ತು.

ಹಾಗೆ ನುಡಿಯುತ್ತಿದ್ದದ್ದು ಈಗ ಮಾಯವಾಗಿತ್ತು.

* * *

ಪ್ರಕರಣ ಬಂದದ್ದು ಇನ್ಸ್‌ಪೆಕ್ಟರ್ ಜರಡಿಯ ಕೈಗೆ. ಅದು ಇಲಾಖೆ ಆಕೆಗೆ ಇಟ್ಟ ಹೆಸರು. ಮರಳುಗಾಡನ್ನೇ ಸುರಿದರೂ ಜಾಲಾಡಿ ಬೇಕಾದ ಒಂದು ಕಾಳನ್ನು ಎತ್ತಿಡುವವಳು. ಆಕೆ ದಿಟ್ಟಿಸಿದರೆ ನಿರಪರಾಧಿಗಳೂ ಏನಾದರೊಂದು ಒಪ್ಪಿಕೊಂಡುಬಿಡುತ್ತಿದ್ದರು.

“ಬಾಗಿಲ ಬೀಗ?” ಜರಡಿ ಕೇಳಿದಳು.

“ಸರಿಯಾಗಿದೆ ಮೇಡಂ,” ಪೇದೆ ಹೇಳಿದ. “ಕಿಟಕಿಯಿಂದ್ಲೇ ಬಂದಿದಾನೆ. ಸರಳೂ ಇಲ್ಲ ನೋಡಿ.”

“ಬೇರೆ ಏನು ಹೋಗಿದೆ?”

“ಏನೂ ಇಲ್ಲ. ಬೀರು ಮುಟ್ಟಿಲ್ಲ. ಇದನ್ನೂ ಮುಟ್ಟಿಲ್ಲ, ವಿಚಿತ್ರ.”

ಪೇದೆ ತೋರಿಸಿದ್ದು ಮೇಜಿನ ಮೇಲಿದ್ದ ಒಂದು ಪುಟ್ಟ ಪೆಟ್ಟಿಗೆಯನ್ನು. ಒಳಗೆ ಅಂಗೈಯಗಲದ ಹೊಚ್ಚಹೊಸ ಕಂಪ್ಯೂಟರ್. ಅದನ್ನು ಮಾರಿದರೆ ಕದ್ದ ಟ್ಯಾಬಿನಂಥವನ್ನು ಒಂದು ಗಾಡಿ ತುಂಬ ಕೊಳ್ಳಬಹುದಿತ್ತು.

“ಇದು ಯಾರದು?”

ಅನೌನ್ಸರ್ ಸ್ಲೇಟಿನಲ್ಲಿ ಬರೆದರು: ಪೆಟ್ಟಿಗೆ.

“ಪೆಟ್ಟಿಗೆ ಅಂತ ಗೊತ್ತು ಸಾರ್. ಯಾರ ಪೆಟ್ಟಿಗೆ?”

“ಅದು ಹೆಸರಮ್ಮಾ,” ನೆಲದಿಂದಲೇ ಹೆಂಡತಿ ಹೇಳಿದರು. “ಇವರ ಸಂಘದವನು. ಹೊಸ ಹೊಸ ಟ್ಯಾಬು, ಪುಟಾಣಿ ಕಂಪ್ಯೂಟರು ಅಂದ್ರೆ ಪ್ರಾಣ ಬಿಡೋರ ಸಂಘ. ಅವನು ಕೊಂಡಿದ್ದನ್ನ ಪೆಟ್ಟಿಗೆಯಿಂದ ಆಚೆ ತೆಗೆಯೋದೇ ಇಲ್ಲ, ಅದಕ್ಕೇ ಪೆಟ್ಟಿಗೆ. ‘ಇದನ್ನ ಇಟ್ಕೊಳ್ಳಿ, ನಿಮ್ಮ ಹಳೇದನ್ನ ನಂಗೆ ಕೊಡಿ’ ಅಂತ ಪೀಡಿಸ್ತಿದ್ದ. ಬೇಡ ಅಂದ್ರೂ ಬಿಟ್ಟು ಹೋದ.”

“ಮನೆ ಕೀಲಿ ಬೇರೆ ಯಾರ ಹತ್ರ ಇದೆ?”

“ನನ್ನ ತಮ್ಮನ ಹತ್ರ ಒಂದಿದೆ. ಅವನು ಮನೆಯವನೇ ಅಲ್ವಾ.”

ಜರಡಿ ಮೇಜಿನ ಮೇಲಿನ ಪರದೆಯನ್ನು ಎತ್ತಿದಳು. ಗಾಜಿನ ಚೂರುಗಳು ಉದುರಿದವು. ಪರದೆಯ ಅಡಿಯಲ್ಲಿ ಒಂದು ತುಂಡು ಅಂಟುಪಟ್ಟಿ ಇತ್ತು, ಅಂಟು ಮೇಲ್ಮುಖವಾಗಿ. ಅದರ ಮೇಲೆ ಸಾಸಿವೆಗಿಂತ ತುಸು ದೊಡ್ಡ ನಾಲ್ಕು ಸ್ಕ್ರೂಗಳು ನಾಲ್ಕು ಮೂಲೆಯಲ್ಲಿ ಅಂಟಿ ನಿಂತಿದ್ದವು. ಒಂದು ಮಾತ್ರ ಉದ್ದ. ಅದರ ಪಕ್ಕ ಪೆನ್ನಿನಲ್ಲಿ ಒಂದು ಚುಕ್ಕೆ.

ಬಹಳ ಹೊತ್ತು ನೋಡಿದಳು. ಹಾಗೆಯೇ ಲಕೋಟೆಗೆ ಹಾಕಿಕೊಂಡಳು.

* * *

ಪೆಟ್ಟಿಗೆಯ ಮನೆಯಲ್ಲಿ ಗೋಡೆಗಳಿರಲಿಲ್ಲ. ಇದ್ದರೂ ಕಾಣುತ್ತಿರಲಿಲ್ಲ. ನೆಲದಿಂದ ಸೂರಿನವರೆಗೆ ಕಪಾಟು, ಕಪಾಟಿನ ತುಂಬ ಪೆಟ್ಟಿಗೆ. ಲೋಕದಲ್ಲಿ ತಯಾರಾದ ಟ್ಯಾಬುಗಳೆಲ್ಲ ಇಲ್ಲಿಗೆ ಬಂದು ಹಾಜರಿ ಹಾಕಿಯೇ ಮುಂದೆ ಹೋಗಿರಬೇಕು. ಮಂಚದ ಮೇಲೂ ಪೆಟ್ಟಿಗೆ. ಮನೆಯ ಯಜಮಾನ ಮಲಗುವುದು ನಡುವಿನ ಓಣಿಯಲ್ಲಿ.

“ಬೆಳಿಗ್ಗೆ ಅನೌನ್ಸರ್ ಮನೆ ಹತ್ರ ನಿಮ್ಮನ್ನ ನೋಡಿದವರಿದ್ದಾರೆ,” ಜರಡಿ ಹೇಳಿದಳು.

“ಹೋಗಿದ್ದೆ ಮೇಡಂ. ಇನ್ನೊಂದು ಸಲ ಕೇಳೋಣ ಅಂತ. ಬೀಗ ಹಾಕಿತ್ತು, ವಾಪಸ್ ಬಂದೆ.”

“ಆ ತೇಪೆ ಹಾಕಿದ ಟ್ಯಾಬ್ ಯಾಕೆ ಬೇಕಾಗಿತ್ತು?”

“ತೇಪೆನಾ?” ಪೆಟ್ಟಿಗೆಯ ಕಣ್ಣು ಕೆಂಡವಾಯಿತು. “ಮನುಷ್ಯನ ಕಂಠವನ್ನೇ ಹಿಡಿದಿಟ್ಟ ಯಂತ್ರ ಅದು! ಅಂಥದ್ದು ಬೇರೆ ಎಲ್ಲೂ ಇಲ್ಲ!”

“ಅಂಥದ್ದನ್ನ ಕದಿಯೋಕೂ ಮನಸ್ಸಾಗುತ್ತೆ.”

ಜರಡಿ ಒಂದು ಪೆಟ್ಟಿಗೆಯನ್ನು ಕೈಗೆತ್ತಿಕೊಂಡಳು. ಆತ ಹೆತ್ತ ಮಗುವನ್ನು ಯಾರೋ ಕಾಲು ಹಿಡಿದು ಎತ್ತಿದಂತೆ ಚೀರಿದ. ಆಕೆ ಲೆಕ್ಕಿಸದೆ ಮುಚ್ಚಳದ ಅಂಚನ್ನು ಬೆಳಕಿಗೆ ಹಿಡಿದಳು.

“ಸೀಲು ಕತ್ತರಿಸಿ ಮತ್ತೆ ಅಂಟಿಸಿದ್ದೀರಿ.” ಇನ್ನೊಂದು ಎತ್ತಿದಳು. “ಇದನ್ನೂ. ಯಾವತ್ತೂ ತೆಗೆಯಲ್ಲ ಅಂತಾರಲ್ಲ ನಿಮ್ಮನ್ನ?”

ಆತ ತಲೆ ತಗ್ಗಿಸಿದ. “ಒಂದೇ ಒಂದು ಸಲ ತೆಗೀತೀನಿ. ಮೊದಲ ಮಾತಿಗೆ.”

“ಏನದು?”

“ನಮ್ಮ ಸಂಘದ ಪದ್ಧತಿ. ಯಾರು ಏನೇ ಹೊಸದು ತಂದ್ರೂ, ಅದರ ಮೈಕಿಗೆ ಮೊದಲು ಅನೌನ್ಸರ್ ಸಾರೇ ಮಾತಾಡ್ಬೇಕು. ಹೊಸ ರೈಲು ಬಂದ ಹಾಗೆ ಘೋಷಣೆ ಮಾಡೋರು. ಒಂದು ಸಲ ಹೇಳಿದ್ದು ಇನ್ನೊಂದು ಸಲ ಹೇಳ್ತಿರ್ಲಿಲ್ಲ. ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಗೋದು.” ಆತ ಪೆಟ್ಟಿಗೆಯನ್ನು ಮೆಲ್ಲಗೆ ಆಕೆಯ ಕೈಯಿಂದ ಬಿಡಿಸಿಕೊಂಡ. “ಆಮೇಲೆ ಮುಚ್ಚಿಬಿಡ್ತೀನಿ. ಮತ್ತೆ ಮುಟ್ಟಲ್ಲ.”

“ನಿಮ್ಮ ಸ್ಕ್ರೂಡ್ರೈವರ್ ಎಲ್ಲಿ?”

“ಏನಂದ್ರಿ? ಅದನ್ನ ಮನೆ ಒಳಗೆ ಬಿಡೋದೇ ಇಲ್ಲ ನಾನು!”

ಪೇದೆ ಮನೆಯೆಲ್ಲ ಜಾಲಾಡಿದ. ಟ್ಯಾಬ್ ಇರಲಿಲ್ಲ. ಸ್ಕ್ರೂಡ್ರೈವರ್ ಕೂಡ ಇರಲಿಲ್ಲ.

“ಇವನೇ ಮೇಡಂ,” ಹೊರಗೆ ಬಂದ ಮೇಲೆ ಪೇದೆ ಪಿಸುಗುಟ್ಟಿದ. “ಬೇರೆ ಕಡೆ ಬಚ್ಚಿಟ್ಟಿದಾನೆ. ಎರಡು ಕೊಟ್ರೆ ಬಾಯಿ ಬಿಡ್ತಾನೆ.”

“ನಿಂಗೆ ಎರಡು ಕೊಡ್ತೀನಿ. ಗಾಡಿ ತೆಗಿ.”

* * *

ಹೆಂಡತಿಯ ತಮ್ಮನನ್ನು ಸಂಘದಲ್ಲಿ ‘ಬೆಸುಗೆ’ ಎಂದು ಕರೆಯುತ್ತಿದ್ದರು. ಮುರಿದದ್ದನ್ನೆಲ್ಲ ಅಂಟಿಸುವವನು, ಅವಕಾಶ ಕೊಟ್ಟಿದ್ದರೆ ಒಡೆದ ಮೋಡಗಳನ್ನೂ ಬೆಸೆದುಬಿಡುತ್ತಿದ್ದ. ಅವನ ಕೋಣೆಯ ವೈರುಗಳನ್ನು ಬಿಚ್ಚಿ ಎಳೆದಿದ್ದರೆ ಭೂಮಿಯನ್ನು ಸುತ್ತಿ ಗಂಟು ಹಾಕಲೂ ಮಿಗುತ್ತಿತ್ತು. ಮೇಜಿನ ಮೇಲೆ ಬೆಂಕಿಪೊಟ್ಟಣದಷ್ಟು ಪುಟ್ಟ, ಹೊಳೆಯುವ ಕಂಪ್ಯೂಟರ್ ಬೋರ್ಡೊಂದು ಇತ್ತು. ಜರಡಿ ಬಗ್ಗಿ ನೋಡಿದಳು.

“ಹೊಸದಾ?”

“ಈ ವಾರ ಬಂತು.” ಅವನ ಕಣ್ಣು ಬಾತುಕೊಂಡಿತ್ತು.

“ಚೆನ್ನಾಗಿದೆಯಾ?”

ಬೇರೆ ದಿನವಾಗಿದ್ದರೆ ಬೆಸುಗೆ ಆ ಪ್ರಶ್ನೆಗೆ ಸೂರ್ಯ ಮುಳುಗುವವರೆಗೆ ಉತ್ತರ ಕೊಡುತ್ತಿದ್ದ. ಈಗ, “ಹೂಂ,” ಎಂದ.

“ನಿಮ್ಮ ಭಾವನ ಧ್ವನಿಗೆ ನಕಲು ಇದೆಯಾ?”

“ಇತ್ತು. ಈಗಿಲ್ಲ. ನಕಲಿದ್ದ ಮೆಮರಿ ಕಾರ್ಡನ್ನ... ಬೇರೆ ಪ್ರಯೋಗಕ್ಕೆ ಬಳಸ್ಕೊಂಡೆ. ಟ್ಯಾಬಲ್ಲಿ ಇದೆಯಲ್ಲ ಅಂತ.”

“ಯೋಚನೆ ಮಾಡ್ಬೇಡಿ. ಪೆಟ್ಟಿಗೆ ಮೇಲೆ ಅನುಮಾನ ಇದೆ. ಸಂಜೆ ಒಳಗೆ ಟ್ಯಾಬ್ ಸಿಗಬಹುದು.”

“ಸಿಕ್ಕಿದ್ರೂ ಏನು ಬಂತು ಮೇಡಂ?” ಬೆಸುಗೆ ಗೋಡೆಯ ಕಡೆ ತಿರುಗಿದ. “ಅಕ್ಕಂಗೆ ಬೇರೆ ಧ್ವನಿ ಹಾಕಿ ಕೊಡ್ತೀನಿ. ಅಭ್ಯಾಸ ಆಗುತ್ತೆ. ಪೆಟ್ಟಿಗೆಯವರನ್ನ ಬಿಟ್ಬಿಡಿ, ಒಳ್ಳೆ ಮನುಷ್ಯ.”

ಜರಡಿ ಟಿಪ್ಪಣಿ ಪುಸ್ತಕ ಮುಚ್ಚಿದಳು. ಅವಳ ಮುಖದಲ್ಲಿ ಗೆಲುವಿನ ಗೆರೆಯೇ ಇರಲಿಲ್ಲ.

* * *

ಮರುದಿನ ಮಧ್ಯಾಹ್ನ ಎಲ್ಲರೂ ಅನೌನ್ಸರ್ ಮನೆಯಲ್ಲಿ ಸೇರಿದರು. ಜರಡಿಯೇ ಕರೆಸಿದ್ದಳು. ಒಡೆದ ಕಿಟಕಿಗೆ ರಟ್ಟು ಹೊಡೆದಿದ್ದರು. ಮೇಜಿನ ಮೇಲೆ ಬೆಸುಗೆ ತಂದಿಟ್ಟ ಬದಲಿ ಟ್ಯಾಬ್ ಇತ್ತು.

“ಇದು ಮಾತಾಡುತ್ತೆ ಕಣಮ್ಮಾ,” ಹೆಂಡತಿ ಹೇಳಿದರು. “ಆದ್ರೆ ಯಾರೋ ಗಂಡಸು ಮನೆಗೆ ನುಗ್ಗಿ ‘ಊಟ ಆಯಿತೇ’ ಅಂದ ಹಾಗೆ ಆಗುತ್ತೆ. ಬೆಚ್ಚಿಬೀಳ್ತೀನಿ. ಅಂಗೈ ಮೇಲೆ ಬರೀತಾರೆ, ನಂಗೆ ಕಚಗುಳಿ ಆಗುತ್ತೆ ಹೊರತು ಅಕ್ಷರ ಗೊತ್ತಾಗಲ್ಲ.” ನಗಲು ನೋಡಿದರು. ಆಗಲಿಲ್ಲ. “ಮದುವೆ ಆದಾಗಿಂದ ಮಲಗೋ ಮುಂಚೆ ಕೇಳೋರು, ‘ಏನೇ, ಬಾಗಿಲು ಹಾಕಿದ್ಯಾ?’ ಅಂತ. ನಿನ್ನೆ ಕೇಳೋರೇ ಇರ್ಲಿಲ್ಲ. ಹಾಕದೇ ಮಲಗಿಬಿಟ್ಟೆ.”

ಅನೌನ್ಸರ್ ಸ್ಲೇಟನ್ನೇ ನೋಡುತ್ತಿದ್ದರು. ಜರಡಿ ಲಕೋಟೆಯಿಂದ ಅಂಟುಪಟ್ಟಿಯನ್ನು ತೆಗೆದು ಮೇಜಿನ ಮೇಲಿಟ್ಟಳು.

“ಈ ನಾಲ್ಕು ಸ್ಕ್ರೂ ಟ್ಯಾಬಿನ ಬೆನ್ನಿನದು. ಬಿಚ್ಚಿದವರು ಮೂಲೆ ಮೂಲೆಗೆ ಜೋಡಿಸಿಟ್ಟಿದ್ದಾರೆ. ಉದ್ದದ್ದು ಯಾವ ತೂತಿಗೆ ಅಂತ ಗುರುತೂ ಹಾಕಿದ್ದಾರೆ. ಯಾಕೆ?”

ಉತ್ತರವನ್ನೂ ಜರಡಿಯೇ ಕೊಟ್ಟಳು.

“ಮತ್ತೆ ಹಾಕೋಕೆ. ಕಳ್ಳನಿಗೆ ಸ್ಕ್ರೂ ಜೋಡಿಸೋ ತಾಳ್ಮೆ ಎಲ್ಲಿಂದ ಬರ್ಬೇಕು? ಪೂರ್ತಿ ಟ್ಯಾಬ್ ಎತ್ಕೊಂಡು ಓಡ್ತಾನೆ. ಬಿಚ್ಚಿದವರಿಗೆ ಕದಿಯೋ ಮನಸ್ಸು ಇರ್ಲಿಲ್ಲ. ರಿಪೇರಿ ಮಾಡಿ, ಮುಚ್ಚಿಟ್ಟು ಹೋಗೋಕೆ ಬಂದಿದ್ರು.”

ಪೆಟ್ಟಿಗೆ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ.

“ಇವರಲ್ಲ. ಸ್ಕ್ರೂಡ್ರೈವರ್ ಕಂಡ್ರೆ ಇವರಿಗೆ ಜ್ವರ ಬರುತ್ತೆ. ಇನ್ನೊಂದು ವಿಷಯ. ಸ್ಕ್ರೂಗಳು ಪರದೆಯ ಅಡಿಯಲ್ಲಿದ್ವು. ಗಾಜಿನ ಚೂರು ಪರದೆಯ ಮೇಲಿತ್ತು. ಅಂದ್ರೆ ಮೊದಲು ಸ್ಕ್ರೂ ಬಿಚ್ಚಿದ್ದು, ಆಮೇಲೆ ಕಿಟಕಿ ಒಡೆದದ್ದು. ಕಿಟಕಿ ಒಡೆಯೋ ಮುಂಚೆ ಒಳಗೆ ಬಂದದ್ದು ಹೇಗೆ? ಬಾಗಿಲಿಂದ. ಬೀಗ ಕೆಟ್ಟಿಲ್ಲ. ಕೀಲಿ ಇತ್ತು.”

ಹೆಂಡತಿಯ ಮುಖ ಮೆಲ್ಲಗೆ ತಮ್ಮ ಕುಳಿತಿದ್ದ ಕಡೆ ತಿರುಗಿತು. ಆ ಕುರುಡು ನೋಟದ ಮುಂದೆ ಜರಡಿಯ ನೋಟ ಏನೇನೂ ಅಲ್ಲ.

“ಟ್ಯಾಬ್ ಸಿಗಬಹುದು ಅಂತ ನಿನ್ನೆ ಒಬ್ಬರಿಗೆ ಹೇಳಿದೆ. ಧ್ವನಿ ಅದರೊಳಗೇ ಇದೆ ಅಂತ ನಂಬಿದವರು ಕುಣಿದಾಡ್ಬೇಕಿತ್ತು. ಅವರು ‘ಸಿಕ್ಕಿದ್ರೂ ಏನು ಬಂತು’ ಅಂದ್ರು. ಅದು ಖಾಲಿ ಅಂತ ಅವರಿಗೆ ಗೊತ್ತಿತ್ತು.”

“ತಮ್ಮಾ,” ಎಂದರು ಹೆಂಡತಿ. ಅಷ್ಟೇ.

ಬೆಸುಗೆ ಮೊಣಕಾಲೂರಿದ. ಚೀಲದಿಂದ ಹಳೆಯ ಟ್ಯಾಬನ್ನು ತೆಗೆದು ಅಕ್ಕನ ಮಡಿಲಲ್ಲಿಟ್ಟ. ಅದರ ಬೆನ್ನು ತೆರೆದೇ ಇತ್ತು.

“ನೀನೇ ಅಂದಿದ್ದೆಯಲ್ಲಕ್ಕಾ, ಟೈಪು ಮಾಡಿ ಅದು ಮಾತಾಡೋ ಹೊತ್ತಿಗೆ ನಾನು ಕೇಳಿದ್ದೇ ಮರೆತಿರ್ತೀನಿ ಅಂತ. ಹೊಸ ಬೋರ್ಡು ಬಂತು. ಮಿಂಚಿನ ವೇಗ. ನೀವು ಬರೋದ್ರೊಳಗೆ ಹಾಕಿಟ್ಟು ಆಶ್ಚರ್ಯ ಮಾಡೋಣ ಅಂತ ಬಂದೆ. ನಕಲಿದ್ದ ಕಾರ್ಡಲ್ಲಿ ಅದಾಗ್ಲೇ ಹೊಸ ಸಾಫ್ಟ್‌ವೇರು ಪರೀಕ್ಷೆ ಮಾಡಿದ್ದೆ. ಧ್ವನಿ ಉಳಿದಿದ್ದು ಈ ಟ್ಯಾಬಿನ ಕಾರ್ಡಲ್ಲಿ ಮಾತ್ರ. ಅವಸರದಲ್ಲಿ ಖಾಲಿ ಕಾರ್ಡು ಅಂತ ಇದನ್ನೇ ಅಳಿಸಿ ಅದರ ಮೇಲೆ ಹೊಸದನ್ನ ಬರೆದೆ. ಎಷ್ಟು ಹೆಣಗಿದ್ರೂ ವಾಪಸ್ ಬರ್ಲಿಲ್ಲ. ಭಾವನ ಮುಖ ಹೇಗೆ ನೋಡ್ಲಿ? ಕಳ್ಳ ತಗೊಂಡ ಅಂದ್ರೆ ಕಳ್ಳನ್ನ ಬೈತೀರಾ. ಅದಕ್ಕೇ ಕಿಟಕಿ...”

ಅನೌನ್ಸರ್ ಎದ್ದರು. ಕೈ ಮೇಲೆತ್ತಿದರು. ಸಾವಿರ ಜನರ ಗದ್ದಲವನ್ನು ಅಡಗಿಸುತ್ತಿದ್ದ ಗಂಟಲು ಒಂದು ಬೈಗುಳಕ್ಕಾಗಿ ಒದ್ದಾಡಿತು. ಗಾಳಿ ಬಂತು, ಬರೀ ಗಾಳಿ. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಅವರು ಅದನ್ನು ತಮ್ಮ ಗಂಟಲಿಗೇ ಒತ್ತಿಕೊಂಡು ಕುಳಿತರು.

ಬೆಸುಗೆ ಹೇಳಿಕೆ ಕೊಡಲು ಪೇದೆಯ ಜೊತೆ ಹೊರಟ. ಪೆಟ್ಟಿಗೆ ಕಣ್ಣೊರೆಸಿಕೊಳ್ಳುತ್ತ ಅವನ ಹಿಂದೆ ಎದ್ದ.

“ನೀವು ಕೂತ್ಕೊಳ್ಳಿ,” ಜರಡಿ ಅವನನ್ನು ತಡೆದಳು. “ನಿಮ್ಮ ಕಪಾಟಿನಲ್ಲಿ ಎಷ್ಟು ಮೊದಲ ಮಾತು ರೆಕಾರ್ಡಾಗಿ ಉಳಿದಿವೆ?”

ಆತನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದಾಗ ಮುಖ ಬಿಳಿಚಿತು.

“ಎಲ್ಲಾ... ತೆಗೀಬೇಕಾ ಮೇಡಂ?”

* * *

ಎಲ್ಲವನ್ನೂ ತೆಗೆದ. ಪ್ರತಿ ಸೀಲು ಕತ್ತರಿಸುವಾಗಲೂ ಕಣ್ಣು ಮುಚ್ಚಿಕೊಳ್ಳುತ್ತಿದ್ದ, ಆದರೆ ಕತ್ತರಿಯನ್ನು ಬೇರೆಯವರ ಕೈಗೆ ಕೊಡಲಿಲ್ಲ. ಅನೌನ್ಸರ್ ಮನೆಯ ನಡುಕೋಣೆಯಲ್ಲಿ ಟ್ಯಾಬುಗಳು ಬೆಟ್ಟದಂತೆ ಬೆಳೆದವು. ಸಂಘದ ಉಳಿದವರೂ ಡ್ರಾಯರುಗಳನ್ನು ಬರಿದು ಮಾಡಿ ತಂದು ಸುರಿದರು. ಹೇಳಿಕೆ ಕೊಟ್ಟು ಬಂದಿದ್ದ ಬೆಸುಗೆ ಒಂದೊಂದನ್ನೇ ಚಾರ್ಜಿಗೆ ಹಾಕಿ, ಧ್ವನಿಯನ್ನು ಇಳಿಸಿಕೊಳ್ಳುತ್ತಿದ್ದ. ಭಾವ ಎದುರಿಗೇ ಕುಳಿತಿದ್ದರು. ಸ್ಲೇಟು ಮುಟ್ಟಿರಲಿಲ್ಲ.

ಪ್ರಕರಣದ ಕೊನೆಯ ಕಾಗದಕ್ಕೆ ಸಹಿ ಬೇಕೆಂದು ಜರಡಿ ಬಂದಿದ್ದಳು. ಸಹಿ ಆಗಿ ಬಹಳ ಹೊತ್ತಾಗಿದ್ದರೂ ಅಲ್ಲೇ ಕುಳಿತಿದ್ದಳು.

“ಪ್ರಯಾಣಿಕರ ಗಮನಕ್ಕೆ,” ಎಂದಿತು ಒಂದು ಟ್ಯಾಬ್, ತುಂಬಿದ ಗಂಟಲಿನಲ್ಲಿ. “ಪೆಟ್ಟಿಗೆಯವರ ಜೇಬು ಖಾಲಿ ಮಾಡಿ ಹೊರಟಿರುವ ಈ ಗಾಡಿ, ಎಲ್ಲೂ ನಿಲ್ಲದೆ ನೇರವಾಗಿ ಅವರ ಕಪಾಟಿಗೆ ಹೋಗುವುದು.”

ಪೆಟ್ಟಿಗೆ ನಕ್ಕ. ನಗುತ್ತ ಮೂಗು ಒರೆಸಿಕೊಂಡ. ಬೆಸುಗೆ ನಿಲ್ಲಿಸಲು ಬೆರಳು ಚಾಚಿದ. ಆದರೆ ಧ್ವನಿಮುದ್ರಣ ಮುಗಿದಿರಲಿಲ್ಲ. ಅಂದು ಯಾರೋ ನಿಲ್ಲಿಸಲು ಮರೆತಿದ್ದರು. ಕುರ್ಚಿ ಎಳೆದ ಸದ್ದು. ನಗು. ಹೆಜ್ಜೆಗಳು ದೂರವಾದವು. ಆಮೇಲೆ ಅದೇ ಕಂಠ, ಘೋಷಣೆಯ ಗತ್ತೆಲ್ಲ ಕಳಚಿ, ಒಳಕೋಣೆಯ ಕಡೆ ತಿರುಗಿ ಕೇಳಿತು:

“ಏನೇ, ಬಾಗಿಲು ಹಾಕಿದ್ಯಾ?”

“ಹಾಕಿದೆ ಕಣ್ರೀ! ಎಷ್ಟು ಸಲ ಕೇಳ್ತೀರಾ?”

ಉತ್ತರ ಬಂದದ್ದು ಟ್ಯಾಬಿನಿಂದಲ್ಲ. ಅಡುಗೆಮನೆಯಿಂದ. ಪಾತ್ರೆಯೊಂದು ಕೆಳಗೆ ಬಿತ್ತು. ಹೆಂಡತಿ ಗೋಡೆ ಹಿಡಿದು ಬಾಗಿಲಿಗೆ ಬಂದು ನಿಂತರು.

ಅನೌನ್ಸರ್ ಸ್ಲೇಟನ್ನು ಎತ್ತಿಕೊಂಡರು. ಬರೆದು, ಬೆಸುಗೆಯ ಕಡೆ ತಳ್ಳಿದರು.

ನಕಲು ಎರಡು ಕಡೆ ಇಡು.

ಜರಡಿ ಕಾಗದ ಮಡಚಿಕೊಂಡು ಎದ್ದಳು. ಟ್ಯಾಬುಗಳ ಬುಟ್ಟಿಗಳನ್ನು ಹೊತ್ತು ತಂದವರ ಓಡಾಟದಲ್ಲಿ ಮನೆಯ ಬಾಗಿಲು ಹಾರು ಹೊಡೆದಿತ್ತು. ಆಕೆ ಹೊರಗೆ ಬಂದು, ಸದ್ದಾಗದಂತೆ ಅದನ್ನು ಎಳೆದು ಹಾಕಿದಳು.