ಚಿಕ್ಕತಾಯಿಗೆ ಸಂದ ವಾಸನೆ

"ಒಳಗ ಏನ್ ವಾಸ್ನ ಬಂದ್ರೂವ ಬಾಯ್ಬುಟ್ಟು ಯೋಳ್ಬ್ಯಾಡಿ ಕಣವ್ವಾ," ಎಂದಳು ಬೀಗದ ಕೈ ಹಿಡಿದು ನಿಂತಿದ್ದ ದೊಡ್ಡಮಾದಮ್ಮ. "ಯೋಳುದ್ರ ಅದ ಅವ್ಳು ಈಸ್ಕತ್ತಳ."

ನೀಲಾವತಿಗೆ ನಗು ಬಂತು. ತೆರಕಣಾಂಬಿಯಿಂದ ಎರಡು ಮೈಲಿ ಒಳಗಿದ್ದ ಈ ಹಳೆಯ ವಿಸ್ಕಿ ಭಟ್ಟಿಗೆ ಅವಳು ಮೈಸೂರಿನಿಂದ ಬಂದದ್ದೇ ವಾಸನೆಗಳ ಹೆಸರು ಹೇಳುವುದಕ್ಕೆ. ಮದ್ಯದ ಕಂಪನಿಯೊಂದರಲ್ಲಿ ಇಪ್ಪತ್ತು ವರ್ಷದಿಂದ ರುಚಿ ನೋಡುವ ಕೆಲಸ. ಮೂಸಿದ ಕೂಡಲೇ ಇದರಲ್ಲಿ ಇಂಥದ್ದಿದೆ ಎಂದು ತಪ್ಪದೆ ಹೇಳುವ ಆ ಮೂಗೊಂದೇ ಅವಳ ಆಸ್ತಿ. ಹೆಂಗಸಿನ ಮೂಗು ಒಗ್ಗರಣೆಗೇ ಸರಿ ಎಂದು ಶುರುವಿನಲ್ಲಿ ಅಣಕಿಸಿದ ಗಂಡಸರು ಈಗ ಅವಳ ಮಾತಿಗಾಗಿ ಕಾಯುತ್ತಿದ್ದರು. ಅವರಿಂದ ಕಲಿತ ತಿರಸ್ಕಾರವನ್ನು ಅವಳು ಅವರಿಗೆ ಹಿಂದಿರುಗಿಸಿರಲಿಲ್ಲ. ತನಗಿಂತ ಕೆಳಗಿನವರ ಮೇಲೆ ಧಾರಾಳವಾಗಿ ಚೆಲ್ಲುತ್ತಿದ್ದಳು. ಇಲ್ಲಿಯ ಹಳೆಯ ಪೀಪಾಯಿಗಳ ವರದಿ ಒಪ್ಪಿಸಿದರೆ, ಅವರೆಲ್ಲರ ಮೇಲಿನ ಕುರ್ಚಿ ಅವಳದು.

ದೊಡ್ಡಮಾದಮ್ಮ ಬೇಡವೆಂದರೂ ಕತೆ ಹೇಳಿದ್ದಳು. ಭಟ್ಟಿ ಕಟ್ಟಿಸಿದ ಬಿಳಿ ದೊರೆಯ ಕಾಲದಲ್ಲಿ ಇಲ್ಲಿ ಚಿಕ್ಕತಾಯಿ ಎಂಬವಳಿದ್ದಳಂತೆ. ಹುದುಗು ಹದಕ್ಕೆ ಬಂತೇ ಎಂದು ಮೂಸಿ ಹೇಳುವುದು ಅವಳ ಕೆಲಸ. ಅವಳು ಸಾಕು ಎಂದ ಮೇಲೂ ದೊರೆ ಬೇಯಿಸಿದ. ಕೆಟ್ಟಾಗ ತಪ್ಪು ಅವಳದೆಂದು ಮುಖವನ್ನು ಕುದಿಯುವ ಹಂಡೆಯ ಹಬೆಗೆ ಒತ್ತಿಸಿದ. ಬೆಂದ ಮುಖ ಹೊತ್ತು, ಯಾವ ವಾಸನೆಯೂ ತಿಳಿಯದಂತಾದ ಅವಳು ಕೊಳ್ಳೇಗಾಲದ ಕಡೆಯ ಮಾಟಗಾರನನ್ನು ಕರೆಸಿ, ಪೀಪಾಯಿ ಮನೆಯ ನೆಲದಡಿ ಬೊಂಬೆ ಹೂಳಿಸಿದಳು: ಹೋದ ವಾಸನೆಗಳೆಲ್ಲ ಬೇರೆಯವರ ಬಾಯಿಂದ ತನಗೆ ಮರಳಬೇಕು. ಅಂದಿನಿಂದ ಆಳುಗಳು ಅಲ್ಲಿ ಕೈಸನ್ನೆಯಲ್ಲೇ ಮಾತಾಡುತ್ತಿದ್ದರಂತೆ.

"ಹೇಳೋದಕ್ಕೇ ನನಗೆ ಸಂಬಳ ಕೊಡೋದಮ್ಮ. ನಿಮ್ಮ ದೆವ್ವಕ್ಕೆ ಮೂಗು ಕಟ್ಟಿದ್ರೆ ಒಂಚೂರು ವಿಕ್ಸ್ ಹಚ್ಚಿ," ಎಂದು ನೀಲಾವತಿ ಒಳಗೆ ನಡೆದಳು. ದೊಡ್ಡಮಾದಮ್ಮ ಹೊಸ್ತಿಲು ದಾಟಲಿಲ್ಲ.

ಹೊರಗೆ ಹಗಲಿದ್ದರೂ ಒಳಗೆ ಕತ್ತಲು ಕಾಲಿಗೆ ತೊಡರುವಷ್ಟು ದಟ್ಟವಾಗಿತ್ತು. ಕಿಟಕಿಗಳಿಗೆ ಇಟ್ಟಿಗೆ ಕಟ್ಟಿದ್ದರು. ಟಾರ್ಚಿನ ಬೆಳಕಿನಲ್ಲಿ ಪೀಪಾಯಿಗಳು ಮಲಗಿದ ದನಗಳಂತೆ ಕಂಡವು. ಮೊದಲನೆಯದರ ಬಿರಡೆ ತೆಗೆದಳು. ಮೂಗು ಅರಳಿತು.

"ಬೆಲ್ಲದ ಪಾಕ," ಎಂದು ಫೋನಿಗೆ ಹೇಳಿ ದಾಖಲಿಸಿದಳು. "ಸುಟ್ಟ ತೆಂಗಿನ ಚಿಪ್ಪು. ಒದ್ದೆ ಗೋಣಿ."

ಎರಡನೆಯದರಲ್ಲಿ ಬೆಲ್ಲವಿರಲಿಲ್ಲ. ಕಳಪೆ ಮಾಲು ಎಂದುಕೊಂಡು ಒಣದ್ರಾಕ್ಷಿ, ಲವಂಗ, ಹಳೆಯ ಮರ ಎಂದಳು. ಮೂರನೆಯದರಲ್ಲಿ ಸ್ಪಿರಿಟಿನ ಘಾಟು ಮಾತ್ರ. ಅದನ್ನೂ ಹೇಳಿದಳು. ನಾಲ್ಕನೆಯದು ನೀರಿನಂತಿತ್ತು. ಹಳ್ಳಿಯವರು ಕದ್ದು ಕುಡಿದು ನೀರು ತುಂಬಿದ್ದಾರೆ ಎಂದು ಬೈದುಕೊಂಡು ಬೆರಳದ್ದಿ ನಾಲಗೆಗೆ ಇಟ್ಟಳು. ನಾಲಗೆ ಉರಿಯಿತು. ನೀರಲ್ಲ. ಮತ್ತೆ ಮೊದಲನೆಯದಕ್ಕೆ ಓಡಿ ಬಗ್ಗಿದಳು. ಬೆಲ್ಲವಿಲ್ಲ. ಚಿಪ್ಪಿಲ್ಲ. ಗೋಣಿಯಿಲ್ಲ.

ಆಗ ಬೆನ್ನ ಹಿಂದೆ ಯಾರೋ ಉಸಿರೆಳೆದರು. ಬಿಸಿ ಅನ್ನದ ತಟ್ಟೆಗೆ ಹಸಿದವರು ಮುಖ ಬಗ್ಗಿಸಿದಂತೆ. ಉದ್ದಕ್ಕೆ. ತೃಪ್ತಿಯಿಂದ.

ಟಾರ್ಚು ಕೈಜಾರಿತು. ಮುಂಗೈ ಮೂಸಿದಳು. ಬೆವರಿಲ್ಲ. ಸೆರಗು ಮೂಸಿದಳು. ಏನಿಲ್ಲ. ಹೆಸರು ಹೇಳದವೂ ಆ ಒಂದು ಉಸಿರಿನಲ್ಲಿ ಹೋಗಿದ್ದವು. ಗೋಡೆ ತಡವಿದಳು. ಬಾಗಿಲೆಲ್ಲಿ? ಉಸಿರು ಹತ್ತಿರ ಬಂತು. ಕುತ್ತಿಗೆಗೆ ತಾಗಿತು. ಅದರ ಜೊತೆಗೆ ಒಂದು ವಾಸನೆ. ಸುಟ್ಟ ಕೂದಲು. ಬೆಂದ ಚರ್ಮ. ಇಪ್ಪತ್ತು ವರ್ಷ ಪಳಗಿದ ಬಾಯಿ ತಾನಾಗಿ ತೆರೆಯಿತು. ಹೆಸರು ನಾಲಗೆಯ ತುದಿಗೆ ಬಂತು. ನೀಲಾವತಿ ನಾಲಗೆ ಕಚ್ಚಿದಳು. ರಕ್ತ ಬಂತು. ಬಿಡಲಿಲ್ಲ. ಗೋಡೆ ತಡವುತ್ತಲೇ ಬಾಗಿಲು ಸಿಕ್ಕುವವರೆಗೂ ಓಡಿದಳು.

ಹೊರಗೆ ಕಣ್ಣು ಹಾಯುವಷ್ಟು ದೂರ ಚೆಂಡುಹೂವಿನ ಹೊಲ. ಆ ಕಟು ವಾಸನೆಯ ಹೂವು ಗಾಳಿಗೆ ತೂಗುತ್ತಿತ್ತು, ಕ್ಯಾಲೆಂಡರಿನಲ್ಲಿ ಅಚ್ಚಾದ ಹೂವಿನಂತೆ. ದೊಡ್ಡಮಾದಮ್ಮ ಕೊಟ್ಟ ಕಾಫಿ ಬರೀ ಬಿಸಿಯಾಗಿತ್ತು. ದೊಡ್ಡಮಾದಮ್ಮ ಅಣಕಿಸಲಿಲ್ಲ. ಜಗಲಿಯ ಮೇಲೆ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.

"ಒಂದಾರ ಉಳಿಸ್ಕಂಡ್ರಾ?"

ನೀಲಾವತಿ ಹೌದೆಂದು ತಲೆಯಾಡಿಸಿದಳು.

"ಯಾವ್ದು ಅಂತ ನಂಗೂ ಯೋಳ್ಬ್ಯಾಡಿ." ದೊಡ್ಡಮಾದಮ್ಮ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳಿದಳು, "ನಂಗೂ ಒಂದದ. ಮದ್ವ ಆಗಿ ಬಂದ ವರ್ಸ ನಾನೂ ನಿಮ್ಮಂಗೇ ನಕ್ಕಿದ್ದಿ."

ಫೋನ್ ಬಡಿದುಕೊಂಡಿತು. ಕಂಪನಿಯ ಮಾಲೀಕರು. ಮಾಲು ಹೇಗಿದೆ, ಏನೇನು ವಾಸನೆ ಬಂತು, ಒಂದೇ ಮಾತಲ್ಲಿ ಹೇಳಿ ಸಾಕು ಎಂದರು. ಕುರ್ಚಿ ಅವಳಿಗಾಗಿ ಕಾಯುತ್ತಿತ್ತು. ಬೆಂದ ಚರ್ಮದ ನಾತ ಮೂಗಿನ ತುಂಬ ಕೂತಿತ್ತು. ಬಾಯಿ ತೆರೆದರೆ ನಾಲಗೆಯ ತುದಿಯ ಹೆಸರೇ ಮೊದಲು ಹೊರಬೀಳುತ್ತದೆ, ಹೇಳಿದರೆ ಇದೂ ಬಿಟ್ಟುಹೋಗುತ್ತದೆ. ಆಮೇಲೆ ಏನೂ ಇರುವುದಿಲ್ಲ, ಸಾಯುವವರೆಗೂ.

ಅವರು ಹಲೋ, ಹಲೋ ಎನ್ನುತ್ತಲೇ ಇದ್ದರು. ನೀಲಾವತಿ ತುಟಿ ಬಿಗಿದು, ಕಣ್ಣು ಮುಚ್ಚಿ, ಆ ನಾತವನ್ನು ಎದೆತುಂಬ ಎಳೆದುಕೊಂಡಳು.