ತಾರಸಿಗೆ ಬಂದ ಉತ್ತರ

ನನ್ನ ತಂಗಿಯ ಮಗಳು ತನ್ಮಯಿ ಮೊದಲ ಸಲ ಟಿವಿಯಲ್ಲಿ ಗಮಕ ಓದುವ ದಿನವೇ ಬನಶಂಕರಿಯ ನಮ್ಮ ಮನೆ ಟಿವಿಗೆ ಸಿಗ್ನಲ್ ಹೋಯಿತು. ರಾತ್ರಿಯ ಗಾಳಿಗೆ ಡಿಶ್ ವಾಲಿಕೊಂಡಿತ್ತು. ಅವಳಿಗೆ ಗಮಕ ಕಲಿಸಿದವಳು ಈಗ ಹಾಸಿಗೆ ಹಿಡಿದಿದ್ದ ನನ್ನ ಅಮ್ಮ. "ಕೇಳಿಸ್ತೀಯಲ್ಲಪ್ಪ?" ಎಂದು ಬೆಳಿಗ್ಗೆಯಿಂದ ಅದೇ ಮಾತು.

ಮಧ್ಯಾಹ್ನ ತಾರಸಿ ಹತ್ತಿ ಡಿಶ್ ತಿರುಗಿಸತೊಡಗಿದೆ. ಕೆಳಗೆ ಟಿವಿ ಮುಂದೆ ನನ್ನ ಹೆಂಡತಿ ಜಯಾಳನ್ನು ನಿಲ್ಲಿಸಿ ಬಂದಿದ್ದೆ.

"ಬಂತಾ?"

"ಇಲ್ಲ ರೀ. ಇನ್ನೂ ಎಡಕ್ಕೆ."

ಅಂಥ ಬಿಸಿಲಲ್ಲೂ ಡಿಶ್ಶಿನ ಕಂಬಿ ತಣ್ಣಗಿತ್ತು. ಬರಬರುತ್ತಾ ನಾನು ಕೇಳುವ ಮೊದಲೇ ಉತ್ತರ ಬರತೊಡಗಿತು. ಕೊನೆಗೆ ನನ್ನ ಕಿವಿಯ ಪಕ್ಕದಲ್ಲೇ ಎಂಬಂತೆ, "ಸಾಕು, ಬಂತು."

ಇಳಿದು ಬಂದರೆ ಜಯಾ ಹಾಲಿನ ಪ್ಯಾಕೆಟ್ ಹಿಡಿದು ಗೇಟು ತೆಗೆಯುತ್ತಿದ್ದಳು.

"ನೀವು ಮೇಲೆ ಹೋದ ತಕ್ಷಣ ಕರೆಂಟ್ ಹೋಯ್ತು. ಅಂಗಡಿಗೆ ಹೋಗ್ತೀನಿ ಅಂತ ಕೂಗಿದ್ನಲ್ಲ, ಕೇಳಿಸ್ಲಿಲ್ವಾ?"

ಕೋಣೆಯಲ್ಲಿ ಟಿವಿ ಕಪ್ಪಗಿತ್ತು. ಅಮ್ಮ ಅದರ ಕಡೆ ಮುಖ ಮಾಡಿ ತಲೆದೂಗುತ್ತಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಎತ್ತಿ ತಡೆದಳು.

"ಸುಮ್ನಿರೋ. ಇನ್ನೂ ಎರಡು ಪದ್ಯ ಇದೆ. ಎಷ್ಟು ಚೆನ್ನಾಗಿ ಓದ್ತಿದೆ, ಮಗು."

ತನ್ಮಯಿಯ ಕಾರ್ಯಕ್ರಮ ಶುರುವಾಗಲು ಇನ್ನೂ ಅರ್ಧ ಗಂಟೆ ಇತ್ತು.